ಮೀನು ತಿಂದರೂ ಒಸೆಲಾಟ್ ನಮ್ಮದಾಗುವುದಿಲ್ಲ

ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟದ ವಿಡಿಯೋ ಮಾಡುವವರೇ, ನಿಮ್ಮ ಹಳೇ ವಿಡಿಯೋಗಳನ್ನು ದಯವಿಟ್ಟು ತೆಗೆದುಹಾಕಿ. ಇಲ್ಲವೇ ಮೇಲೆ ಒಂದು ಸಾಲು ಬರೆದುಬಿಡಿ. ಆಟದ ಜಂಗಲ್‌ನಲ್ಲಿ ಸಿಗುವ ಕಾಡುಬೆಕ್ಕು ಒಸೆಲಾಟ್‌ಗೆ ಹಸಿ ಮೀನು ಕೊಟ್ಟರೆ ಸಾಕುಬೆಕ್ಕಾಗುತ್ತದೆ ಅನ್ನುವುದು 2019ರ 1.14 ಆವೃತ್ತಿಯಲ್ಲೇ ಮುಗಿದುಹೋಯಿತು. ಈಗ ಮೀನು ತಿಂದ ಮೇಲೆ ಅದು ನಮ್ಮನ್ನು ಕಂಡು ಓಡುವುದಿಲ್ಲ, ಅಷ್ಟೇ. ಹಿಂದೆ ಬರುವುದಿಲ್ಲ, ಕೂರು ಅಂದರೆ ಕೂರುವುದೂ ಇಲ್ಲ.

ಉಡುಪಿಯಲ್ಲಿ ಮಳೆಗೆ ಶಾಲೆಗೆ ರಜೆ ಕೊಟ್ಟ ದಿನ ತಂಗಿಯ ಮಗ ಆ ಹಳೇ ವಿಡಿಯೋದ ಮಾತನ್ನೇ ನಂಬಿ ಕೂತಿದ್ದ. ಆಟದಲ್ಲಿ ಜಂಗಲ್ ಹುಡುಕುವುದಕ್ಕೇ ಮಧ್ಯಾಹ್ನ ಆಯಿತು. ಆಮೇಲೆ ಹಸಿ ಕಾಡ್ (cod) ಮೀನು ಹಿಡಿದು, ಮೌಸ್ ಅಲ್ಲಾಡಿಸದೆ, ಉಸಿರು ಬಿಗಿಹಿಡಿದು ಕಾದ. ಸ್ವಲ್ಪ ಅಲುಗಿದರೂ ಅದು ಓಟ ಕೀಳುತ್ತದೆ. ಸದ್ಯ, ಕರೆಂಟ್ ಹೋಗಲಿಲ್ಲ. ಕೊನೆಗೂ ಅದು ಹತ್ತಿರ ಬಂತು, ಮೀನು ತಿಂದಿತು. ಹುಡುಗನ ಮುಖ ನೋಡಬೇಕಿತ್ತು! ನಾಲ್ಕು ಹೆಜ್ಜೆ ನಡೆದು ತಿರುಗಿ ನೋಡಿದರೆ ಅದು ತನ್ನ ಪಾಡಿಗೆ ಮರದ ಕಡೆ ಹೊರಟಿತ್ತು. "ದೊಡ್ಡಮ್ಮಾ, ಇದು ಯಾಕೆ ನನ್ನೊಟ್ಟಿಗೆ ಬರುವುದಿಲ್ಲ?" ಅಂತ ಕೇಳಿದ. ಇಷ್ಟು ತಾಳ್ಮೆಯಿಂದ ಕಾದ ಮಗುವಿಗೆ ಏನು ಹೇಳುವುದು, ಹೇಳಿ?

ಬೆಕ್ಕು ಬೇಕಿದ್ದರೆ ಆಟದ ಹಳ್ಳಿಗಳಿಗೆ ಹೋಗಬೇಕು. ಅಲ್ಲಿ ಅಲೆಯುವ ಬೆಕ್ಕುಗಳಿಗೆ ಹಸಿ ಕಾಡ್ ಅಥವಾ ಸಾಲ್ಮನ್ ಕೊಡುತ್ತಾ ಇದ್ದರೆ ಒಲಿಯುತ್ತವೆ, ಹಿಂದೆಯೇ ಬರುತ್ತವೆ. ನರಿಯ ಲೆಕ್ಕವೇ ಬೇರೆ. ಎರಡು ನರಿಗೆ ಸಿಹಿ ಬೆರಿ ತಿನ್ನಿಸಬೇಕು, ಹುಟ್ಟಿದ ಮರಿ ಮಾತ್ರ ನಮ್ಮನ್ನು ನಂಬುತ್ತದೆ. ಇನ್ನು ಗಿಣಿಗೆ ಬೀಜ ಕೊಡಬೇಕು. ಕುಕಿ ಕೊಟ್ಟರೆ ಸತ್ತೇಹೋಗುತ್ತದೆ. ಇದನ್ನಾದರೂ ಮಕ್ಕಳಿಗೆ ಸರಿಯಾಗಿ ಹೇಳಿ ಮಾರಾಯ್ರೇ.