ದಿನಕ್ಕೆ ಎರಡು ಸಾಕು, ಮೂರನೆಯದಕ್ಕೆ ಕೈ ಹಾಕಬೇಡ

ಎಂಬಿಎ ಪಾಠದಲ್ಲಿ ಈ ಕಥೆ ಸಲೀಸಾಗಿ ಬಂದುಬಿಡುತ್ತದೆ: ಕೆಲಸದ ಸಮಯ ಅಳೆದ ಅಮೆರಿಕದ ಎಂಜಿನಿಯರ್ ಟೇಲರ್ ಕಾರ್ಮಿಕನನ್ನು ಯಂತ್ರ ಅಂದುಕೊಂಡ, ಆಮೇಲೆ ಹಾರ್ವರ್ಡ್‌ನ ಪ್ರೊಫೆಸರ್ ಎಲ್ಟನ್ ಮೇಯೊ ಬಂದು ಅವನಿಗೂ ಮನಸ್ಸಿದೆ ಅಂದ. ಅರ್ಧ ಸತ್ಯ. ಕೆಲಸಗಾರ ಬೇಕಂತಲೇ ಯಾಕೆ ನಿಧಾನ ಮಾಡುತ್ತಾನೆ ಅನ್ನುವುದಕ್ಕೆ ನೇರ ಉತ್ತರ ಸಿಗುವುದು ಟೇಲರ್ ಬಳಿಯೇ.

ಅವನೇನು ಸಾಧುವಲ್ಲ. 1899ರಲ್ಲಿ ಬೆಥ್ಲೆಹೆಮ್ ಸ್ಟೀಲ್‌ನಲ್ಲಿ ಸುಮಾರು 42 ಕಿಲೋದ ಕಬ್ಬಿಣದ ಗಟ್ಟಿಗಳನ್ನು ವ್ಯಾಗನ್‌ಗೆ ಹೊರುವ ಕೆಲಸ. ಒಬ್ಬ ದಿನಕ್ಕೆ ಹನ್ನೆರಡೂವರೆ ಟನ್ ಹೊರುತ್ತಿದ್ದುದನ್ನು 47ಕ್ಕೆ ಏರಿಸಿದೆ ಅನ್ನುತ್ತಾನೆ. ಅಂದರೆ ಸಾವಿರದ ನೂರಕ್ಕೂ ಹೆಚ್ಚು ಸಲ ಎತ್ತಬೇಕು. ಕೂಲಿ 1.15 ಡಾಲರ್‌ನಿಂದ 1.85. ಕೆಲಸ ಹತ್ತಿರಹತ್ತಿರ ನಾಲ್ಕು ಪಟ್ಟು, ಕೂಲಿ ಎರಡು ಪಟ್ಟೂ ಇಲ್ಲ! ಆದರೂ ಅವನು ಒಂದು ಮಾತು ಸರಿಯಾಗಿ ಹಿಡಿದಿದ್ದ: ಹೆಚ್ಚು ಮಾಡಿ ತೋರಿಸಿದರೆ ಮಾಲೀಕ ಪೀಸ್ ರೇಟು, ಅಂದರೆ ಒಂದೊಂದು ಪೀಸಿಗೆ ಕೊಡುವ ಕೂಲಿ, ಇಳಿಸುತ್ತಾನೆ, ಅದಕ್ಕೇ ಆಳು ಕೈ ಹಿಡಿದು ಕೆಲಸ ಮಾಡುತ್ತಾನೆ.

ಈಗ ಮೇಯೊ ಹೆಸರಿನ ಜೊತೆ ಬರುವ ಅಧ್ಯಯನಗಳು ನಡೆದ, ಷಿಕಾಗೊ ಪಕ್ಕದ ಹಾಥಾರ್ನ್ ಟೆಲಿಫೋನ್ ಉಪಕರಣ ಕಾರ್ಖಾನೆಗೆ ಬನ್ನಿ. ಎಲ್ಲರೂ ಹೇಳುವುದು ಟೆಲಿಫೋನ್ ರಿಲೇ ಜೋಡಿಸುವ ಹೆಣ್ಣುಮಕ್ಕಳ ಕೋಣೆಯ ಕಥೆ: ಗಮನ ಕೊಟ್ಟರು, ಉತ್ಪಾದನೆ ಏರಿತು. ಆದರೆ ನೂರಕ್ಕೂ ಹೆಚ್ಚು ಜನರ ಗುಂಪಿನ ಲೆಕ್ಕದಲ್ಲಿದ್ದ ಕೂಲಿ ಆ ಕೋಣೆಯಲ್ಲಿ ಆರೇ ಜನರ ಲೆಕ್ಕಕ್ಕೆ ಬಂತು, ಅಂದರೆ ಹೆಚ್ಚು ಮಾಡಿದ್ದು ನೇರ ತಮ್ಮ ಕೈಗೇ; 1928ರ ಜನವರಿಯಲ್ಲಿ ಮಾತು ಜಾಸ್ತಿ ಅಂತ ಇಬ್ಬರನ್ನು ಬದಲಿಸಿದರು. ಇದನ್ನು ಹೇಳುವವರು ಕಡಿಮೆ.

ನನಗೆ ಮುಖ್ಯ ಅನ್ನಿಸುವುದು ಅದೇ ಕಾರ್ಖಾನೆಯಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನ ಉಪಕರಣಗಳಿಗೆ ವೈರ್ ಹಾಕುತ್ತಿದ್ದ 1931-32ರ ವೈರಿಂಗ್ ಕೋಣೆ. 14 ಗಂಡಸರು: ಒಂಬತ್ತು ಜನ ವೈರ್ ಸುತ್ತುವವರು, ಮೂವರು ಬೆಸುಗೆಯವರು, ಇಬ್ಬರು ಇನ್‌ಸ್ಪೆಕ್ಟರ್‌ಗಳು. ಎಂಜಿನಿಯರ್‌ಗಳು ಒಬ್ಬನಿಗೆ ಇಟ್ಟ ಗುರಿ ದಿನಕ್ಕೆ 7,312 ವೈರ್ ಜೋಡಣೆ. ಇವರು ತಮ್ಮೊಳಗೇ ಗೊತ್ತುಮಾಡಿಕೊಂಡದ್ದು ದಿನಕ್ಕೆ ಎರಡು ಉಪಕರಣ, ಹೆಚ್ಚೆಂದರೆ 6,600 ಜೋಡಣೆ. ಯಾರಾದರೂ ಬಿರುಸಾದರೆ ಪಕ್ಕದವನು ತೋಳಿಗೆ ಒಂದು ಗುದ್ದು ಕೊಡುತ್ತಿದ್ದ. ಹೆಚ್ಚು ಆದ ದಿನ ಸ್ವಲ್ಪ ಬಚ್ಚಿಟ್ಟು, ಕಡಿಮೆಯಾದ ದಿನದ ಲೆಕ್ಕಕ್ಕೆ ಸೇರಿಸುವುದೂ ಇತ್ತು.

ಸಂಶೋಧಕರು ಇದನ್ನು ಗುಂಪಿನ ಭಾವನೆ ಅಂದರು, ರೇಟು ಇಳಿಯುವ ಭಯಕ್ಕೆ ಆಧಾರವಿಲ್ಲ ಅಂದರು. ಮಹಾ ಆರ್ಥಿಕ ಕುಸಿತದ ನಡುವೆ, ಆರ್ಡರ್ ಬತ್ತುತ್ತಿರುವಾಗ, ಬೇಗ ಮುಗಿಸಿದವನಿಗೆ ಗೇಟೇ ಗತಿ ಎಂದು ಊಹಿಸಲು ಮನಶ್ಶಾಸ್ತ್ರ ಬೇಕೆ? ಕೆಲಸವೇ ಇಲ್ಲದೆ ಆ ಅಧ್ಯಯನವೂ 1932ರ ಮೇ ಹೊತ್ತಿಗೆ ನಿಂತುಹೋಯಿತು.

ಎಂಬಿಎ ಪಾಠದಲ್ಲಿ ಆಮೇಲೆ ಬರುವವರು ಇಬ್ಬರು ಮನಶ್ಶಾಸ್ತ್ರಜ್ಞರು. ಮನುಷ್ಯನ ಅಗತ್ಯಗಳ ಪಿರಮಿಡ್‌ಗೆ ಹೆಸರಾದ ಮಾಸ್ಲೋ 1943ರ ಲೇಖನದಲ್ಲಿ ಆ ಪಿರಮಿಡ್ ಬರೆದೇ ಇರಲಿಲ್ಲ. ಅವನ ವಿಷಯ ಅಷ್ಟು ಸಾಕು. ಇನ್ನೊಬ್ಬ ಹರ್ಜ್‌ಬರ್ಗ್, ಸಂಬಳ ಹುರುಪು ತರುವುದಿಲ್ಲ, ಬರೀ ಗೊಣಗಾಟ ತಡೆಯುತ್ತದೆ ಅಂದ. ಅವನು ಕೇಳಿದ್ದು ಎಂಜಿನಿಯರ್‌ಗಳನ್ನು, ಅಕೌಂಟೆಂಟ್‌ಗಳನ್ನು. ಹೊಟ್ಟೆ ತುಂಬಿದವರ ಉತ್ತರವನ್ನು ಹೊಲಿಗೆ ಲೈನಿಗೆ ಅನ್ವಯಿಸುವ ಎಚ್‌ಆರ್‌ಗಳಿಗೆ ನನ್ನ ನಮಸ್ಕಾರ.

ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಇಂದಿಗೂ ಕಾಲರ್, ಕಫ್ ಒಂದೊಂದಕ್ಕೂ ಸಮಯ ಅಳೆದೇ ಟಾರ್ಗೆಟ್ ಹಾಕುವುದು. ಇನ್ಸೆಂಟಿವ್ ಇಡುವವರು ಲೈನಿನ ಅತಿ ಚುರುಕಿನವಳ ಸಮಯ ಅಳೆಯಬೇಡಿ, ಮಧ್ಯಮದವಳದ್ದು ಹಿಡಿಯಿರಿ. ಬಾಬಿನ್ ಬದಲು, ದಾರ ತುಂಡಾಗುವುದು, ನೀರು, ಶೌಚಾಲಯ ಎಲ್ಲಕ್ಕೂ ಸಮಯ ಸೇರಿಸಿ. ಮೆಷಿನ್ ಅಥವಾ ವಿಧಾನ ಬದಲಾಗದೆ ರೇಟು ಮುಟ್ಟುವುದಿಲ್ಲ ಎಂದು ಬರೆದು ಬೋರ್ಡಿಗೆ ಹಾಕಿ. ಹಿಂದಿನ ಟೇಬಲ್ಲಿನಿಂದ ಬಂಡಲ್ ಬಾರದೆ ಖಾಲಿ ಕೂತ ನಿಮಿಷಗಳನ್ನು ಅವಳ ಟಾರ್ಗೆಟ್ ಲೆಕ್ಕಕ್ಕೆ ಹಿಡಿಯಬೇಡಿ. ಬಹುಪಾಲು ಜಗಳ ಹುಟ್ಟುವುದು ಅಲ್ಲೇ.