ಲಂಡನ್ ಕಾಲಿಂಗ್‌ಗೆ ಮತ್ತೆ ಒಂದನೇ ಸ್ಥಾನವಂತೆ!

ನಿನ್ನೆ ರಾತ್ರಿ ಮತ್ತೆ ಅದೇ ಜಗಳ. ಪಂಕ್ ರಾಕ್‌ನಲ್ಲಿ, ಅಂದರೆ 70ರ ದಶಕದ ಆ ವೇಗದ ಒರಟು ರಾಕ್‌ನಲ್ಲಿ, ಎಲ್ಲಕ್ಕಿಂತ ದೊಡ್ಡ ಆಲ್ಬಮ್ ಯಾವುದು? ಊಟಕ್ಕೆ ಕರೆದವರ ಮನೆಯಲ್ಲಿ ಕೂತಿದ್ದ ಅಷ್ಟೂ ಜನ ಒಂದೇ ಉಸಿರಿಗೆ 'ಲಂಡನ್ ಕಾಲಿಂಗ್' ಅಂದರು. ಚರ್ಚೆ ಮುಗಿಯಿತಂತೆ, ಪಾಯಸ ಬಡಿಸಿದರು. ನನಗೆ ಮೈಯೆಲ್ಲ ಉರಿಯಿತು. ನನ್ನನ್ನು ಬಲ್ಲವರಿಗೆ ಇದೇನೂ ಹೊಸದಲ್ಲ ಬಿಡಿ.

ಅದನ್ನು ಮಾಡಿದ ಇಂಗ್ಲೆಂಡಿನ ತಂಡ ದಿ ಕ್ಲ್ಯಾಶ್ ಮೇಲೆ ನನಗೆ ಸಿಟ್ಟಿಲ್ಲ. 1979ರ ಡಿಸೆಂಬರ್‌ನಲ್ಲಿ ಜೋಡಿ ರೆಕಾರ್ಡನ್ನು ಒಂದರ ಬೆಲೆಗೆ ಮಾರಿದ ಪುಣ್ಯಾತ್ಮರು ಅವರು. ಮುಖಪುಟದಲ್ಲಿ ತಂಡದ ಪಾಲ್ ಸಿಮೊನನ್ ಬೇಸ್ ಗಿಟಾರನ್ನು ನೆಲಕ್ಕೆ ಅಪ್ಪಳಿಸುತ್ತಿದ್ದಾನೆ. ಫೋಟೊ ತೆಗೆದ ಪೆನ್ನಿ ಸ್ಮಿತ್ ಅವರೇ 'ಫೋಕಸ್ ಸರಿಯಿಲ್ಲ, ಬೇಡ' ಅಂದಿದ್ದರಂತೆ. ಅಷ್ಟು ಪಂಕ್ ಫೋಟೊ ಇನ್ನೊಂದಿಲ್ಲ, ಒಪ್ಪಿದೆ. ಆದರೆ ಒಳಗೆ? ಜಮೈಕಾದ ರೆಗ್ಗೆ, ಸ್ಕಾ, ಅಮೆರಿಕದ ಹಳೇ ರಾಕಬಿಲಿ, ಅಲ್ಲಲ್ಲಿ ಜಾಝ್, ಕೊನೆಗೊಂದು ಅಚ್ಚುಕಟ್ಟು ಪಾಪ್ ಹಾಡು. 19 ಹಾಡುಗಳಲ್ಲಿ ಪಂಕ್ ಎಷ್ಟು ಅಂತ ಬೆರಳು ಮಡಚಿ ಎಣಿಸಿ. ಒಂದು ಕೈಯ ಬೆರಳುಗಳೇ ಜಾಸ್ತಿಯಾದವು, ಅಲ್ವಾ?

ನನ್ನ ತಕರಾರು ಇಷ್ಟೇ. ಪಂಕ್ ಪಟ್ಟಿಯ ತುದಿಯಲ್ಲಿ ಯಾವಾಗಲೂ ಪಂಕ್ ಬಿಟ್ಟು ಹೊರಟವರೇ ಯಾಕೆ ಕೂರಬೇಕು? ಅದೇ ಕ್ಲ್ಯಾಶ್‌ನ 1977ರ ಮೊದಲ ಆಲ್ಬಮ್ ಏನು ಪಾಪ ಮಾಡಿತ್ತು? ರೇಡಿಯೊಗೆ ಆಗಿಬರಲ್ಲ ಅಂತ ಅಮೆರಿಕದ ಕಂಪನಿ ಅದನ್ನು ಎರಡು ವರ್ಷ ಬಿಡುಗಡೆಯನ್ನೇ ಮಾಡಲಿಲ್ಲ. ಜನ ಇಂಗ್ಲೆಂಡಿನಿಂದ ತರಿಸಿಕೊಂಡು ಕೇಳಿದರು. ಅದು ಪಂಕ್ ಸ್ವಾಮಿ.

ಇನ್ನು ರಾಮೋನ್ಸ್, ನ್ಯೂಯಾರ್ಕಿನ ನಾಲ್ವರ ತಂಡ. ಅವರ ಮೊದಲ ಆಲ್ಬಮ್, 1976ರ ಏಪ್ರಿಲ್. 14 ಹಾಡು, ಅರ್ಧ ಗಂಟೆಯೂ ಇಲ್ಲ. ಖರ್ಚು ಸುಮಾರು 6,400 ಡಾಲರ್. ಇಯರ್‌ಫೋನ್ ಹಾಕಿಕೊಂಡು ಕೇಳಿ ನೋಡಿ: ಬೇಸ್ ಪೂರ್ತಿ ಎಡಕ್ಕೆ, ಗಿಟಾರ್ ಪೂರ್ತಿ ಬಲಕ್ಕೆ. ಬಲಗಿವಿಯದ್ದು ತೆಗೆದರೆ ಗಿಟಾರೇ ಮಾಯ! ಎಡಗಿವಿಯದ್ದು ತೆಗೆದರೆ ಬೇಸ್ ಮಾಯ, ಗಿಟಾರ್ ಹಿಡಿದ ಜಾನಿ ರಾಮೋನ್‌ನ ಕೈ ಉಳಿಯುತ್ತದೆ. ಮೇಲಿಂದ ಕೆಳಕ್ಕೆ, ಮೇಲಿಂದ ಕೆಳಕ್ಕೆ, ಉಸಿರಾಡಲೂ ನಿಲ್ಲದ ಹೊಡೆತ. ಸೋಲೊ ಗೀಲೊ ಏನಿಲ್ಲ. ಆಗ ಅದು ಅಮೆರಿಕದ ಬಿಲ್‌ಬೋರ್ಡ್ ಮಾರಾಟದ ಪಟ್ಟಿಯಲ್ಲಿ 111ಕ್ಕೆ ಹೋಗಿ ಸುಸ್ತಾಯಿತು. ಮಾರಾಟಕ್ಕೆ ಕೊಡುವ 'ಗೋಲ್ಡ್' ಬಿರುದು ಪಡೆಯಲು 2014 ಬರಬೇಕಾಯಿತು. ಆ ಹೊತ್ತಿಗೆ ನಾಲ್ವರಲ್ಲಿ ಟಾಮಿ ಒಬ್ಬನೇ ಉಳಿದಿದ್ದ. ಅದೇ ಜುಲೈನಲ್ಲಿ ಅವನೂ ಹೋದ.

'ಅವರಿಗೆ ಬಾರಿಸೋಕೇ ಬರಲ್ಲ' ಅಂತ ಹೆವಿ ಮೆಟಲ್ ಕೇಳುವ ನಮ್ಮ ಗೆಳೆಯರು ಮೂಗು ಮುರಿಯುತ್ತಾರೆ. 2007ರಲ್ಲಿ ಮೆಟಲ್ ತಂಡ ಐರನ್ ಮೇಡನ್ ಅರಮನೆ ಮೈದಾನಕ್ಕೆ ಬಂದು ಹೋದ ಮೇಲಂತೂ ಬೆಂಗಳೂರಿನಲ್ಲಿ ಇವರ ಕಾಲು ನೆಲದ ಮೇಲೆ ನಿಂತಿಲ್ಲ. ಇವರಿಗೆ ನಾನು ಬ್ಯಾಡ್ ಬ್ರೇನ್ಸ್ ತಂಡದ ಹಾಡು ಹಾಕಿ ಕೂರಿಸುತ್ತೇನೆ. ವಾಷಿಂಗ್ಟನ್‌ನ ಕಪ್ಪು ಹುಡುಗರು, ಮೊದಲು ಜಾಝ್ ಫ್ಯೂಷನ್ ಅನ್ನುವ ಕಷ್ಟದ ಸಂಗೀತ ನುಡಿಸುತ್ತಿದ್ದವರು. ಬಾರಿಸಲು ಚೆನ್ನಾಗಿ ಗೊತ್ತಿದ್ದೂ ಪಂಕನ್ನೇ ಆರಿಸಿಕೊಂಡರು. 1982ರ ಆ ಹಳದಿ ಆಲ್ಬಮ್ ಮೊದಲು ಬಂದದ್ದು ಬರೀ ಕ್ಯಾಸೆಟ್ಟಿನಲ್ಲಿ. ಮುಖಪುಟದಲ್ಲಿ ಅಮೆರಿಕದ ಸಂಸತ್ತಿನ ಕ್ಯಾಪಿಟಲ್ ಕಟ್ಟಡದ ಗುಮ್ಮಟಕ್ಕೆ ಸಿಡಿಲು ಬಡಿಯುವ ಚಿತ್ರ. ಡ್ರಮ್ ಶುರುವಾದರೆ ಮೆಟಲ್ ಗೆಳೆಯರು ಬಾಯಿ ಮುಚ್ಚುತ್ತಾರೆ. 'ಅದರಲ್ಲೂ ರೆಗ್ಗೆ ಇದೆಯಲ್ಲ' ಅಂತ ಕೊಂಕು ತೆಗೆಯಬೇಡಿ, ನನಗೂ ಗೊತ್ತು. ಅಲ್ಲಿ ರೆಗ್ಗೆ ಇರುವುದು ಉಸಿರು ತಗೊಳ್ಳೋಕೆ. ಮುಂದಿನ ಹಾಡಿಗೆ ಮತ್ತೆ ಓಟವೇ.

ಇಷ್ಟಾದ ಮೇಲೂ ಒಬ್ಬ ಬುದ್ಧಿವಂತ ಹೇಳಿದ: 'ಪಂಕ್ ಅಂದರೇ ನಿಯಮ ಮುರಿಯೋದು. ಕ್ಲ್ಯಾಶ್ ಪಂಕ್‌ನ ನಿಯಮವನ್ನೂ ಮುರಿದರು, ಹಾಗಾಗಿ ಅವರೇ ಅಸಲಿ ಪಂಕ್.' ಆಹಾ! ಹಾಗಾದರೆ ನಮ್ಮ ಶಿಶುನಾಳ ಷರೀಫಜ್ಜನನ್ನೂ ಸೇರಿಸಿಬಿಡಿ, ಅವರು ಮುರಿದಷ್ಟು ಯಾರು ಮುರಿದರು? ಸುಮ್ನೆ ಮಾತಿಗೆ ಮಾತು. ಎಲ್ಲವೂ ಪಂಕ್ ಆದರೆ ಪಟ್ಟಿ ಯಾಕೆ ಬೇಕು?

ನಿಜ ಹೇಳಬೇಕೆಂದರೆ ಮನೆಯಲ್ಲಿ ನಾನು ಜಾಸ್ತಿ ಕೇಳುವುದು ಲಂಡನ್ ಕಾಲಿಂಗೇ. ಅಡುಗೆ ಮಾಡುವಾಗ, ಬಟ್ಟೆ ಮಡಚುವಾಗ. ಅದಕ್ಕೇ ಹೇಳುತ್ತಿರುವುದು! ಬಟ್ಟೆ ಮಡಚುತ್ತಾ ಕೇಳಬಹುದಾದ ಆಲ್ಬಮ್ ಪಂಕ್‌ನ ಶಿಖರ ಹೇಗಾದೀತು?

ಆಲ್ಬಮ್ಮೇ ಬೇಕು ಅನ್ನುವ ಹಟ ಬೇರೆ. ಬಝ್‌ಕಾಕ್ಸ್ ತಂಡದವರು 1977ರ ಜನವರಿಯಲ್ಲಿ ಸಾಲ ಮಾಡಿ, ತಾವೇ ರೆಕಾರ್ಡ್ ಕಂಪನಿ ಮಾಡಿಕೊಂಡು ತಂದ 'ಸ್ಪೈರಲ್ ಸ್ಕ್ರ್ಯಾಚ್' ಇದೆಯಲ್ಲ, ನಾಲ್ಕೇ ಹಾಡು. ಆಲ್ಬಮ್ ಅಲ್ಲ, ಹಾಗಾಗಿ ಲೆಕ್ಕಕ್ಕಿಲ್ಲ. ಗಾಯಕಿ ಪಾಲಿ ಸ್ಟೈರೀನ್ ಹಲ್ಲಿಗೆ ತಂತಿ ಹಾಕಿಕೊಂಡೇ ಕಿರುಚಿದ 1978ರ ಎಕ್ಸ್-ರೇ ಸ್ಪೆಕ್ಸ್ ತಂಡದ ಆಲ್ಬಮ್? ಅದು ಆಲ್ಬಮ್ಮೇ, ಆದರೂ ಯಾವಾಗಲೂ ಪಟ್ಟಿಯ ಬಾಲದಲ್ಲಿ.

ಲಂಡನ್ ಕಾಲಿಂಗನ್ನು ರಾಕ್ ಪಟ್ಟಿಯ ಒಂದನೇ ಸ್ಥಾನದಲ್ಲಿಡಿ, ನಾನೇ ಬಂದು ಚಪ್ಪಾಳೆ ಹೊಡೆಯುತ್ತೇನೆ. ಪಂಕ್‌ನಲ್ಲಿ ರಾಮೋನ್ಸ್, ಆಮೇಲೆ ಆ ಹಳದಿ ಕ್ಯಾಸೆಟ್. ಪಂಕ್ ಅಂದರೆ ಆಮೇಲೆ ಬಂದ ಗ್ರೀನ್ ಡೇ ತಂಡವೇ ಅನ್ನುವವರು ಇಲ್ಲಿ ಕಾಮೆಂಟ್ ಹಾಕಬೇಡಿ. ನಿಮಗೆ ಬೇರೆ ಪೋಸ್ಟ್ ಬರೆಯುತ್ತಿದ್ದೇನೆ, ಇದಕ್ಕಿಂತ ಉದ್ದ.