ಶಾಸ್ತ್ರೀಯ ಭಾಷೆಗಳು ಆರಲ್ಲ, ಹನ್ನೊಂದು

‘ಭಾರತದಲ್ಲಿ ಶಾಸ್ತ್ರೀಯ ಸ್ಥಾನಮಾನ ಪಡೆದ ಭಾಷೆಗಳು 6, ಇವೆಲ್ಲ ಸಂವಿಧಾನದ 8ನೇ ಅನುಸೂಚಿಯಲ್ಲಿವೆ’ ಎಂಬ ಪರೀಕ್ಷಾ ತಯಾರಿಯ ನೋಟ್ಸ್ ಪಿಡಿಎಫ್ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇನ್ನೂ ಓಡಾಡುತ್ತಿದೆ. ಒಂದು ಕಾಲಕ್ಕೆ ಇದು ಸರಿಯಾಗಿತ್ತು. ಈಗ ಎರಡೂ ಮಾತು ತಪ್ಪು.

2024ರ ಅಕ್ಟೋಬರ್ 3ರಂದು ಕೇಂದ್ರ ಸಚಿವ ಸಂಪುಟ ಮರಾಠಿ, ಬಂಗಾಳಿ, ಅಸ್ಸಾಮಿ, ಪಾಳಿ, ಪ್ರಾಕೃತ ಭಾಷೆಗಳಿಗೂ ಈ ಸ್ಥಾನ ನೀಡಲು ಒಪ್ಪಿತು. ಅಲ್ಲಿಗೆ ಒಟ್ಟು 11. ಹಳೆಯ ಆರು ಬಂದ ಕ್ರಮ: ತಮಿಳು 2004, ಸಂಸ್ಕೃತ 2005, ಕನ್ನಡ ಮತ್ತು ತೆಲುಗು 2008, ಮಲಯಾಳಂ 2013, ಒಡಿಯಾ 2014. ಕನ್ನಡಕ್ಕೂ ತೆಲುಗಿಗೂ ಒಂದೇ ದಿನ, 2008ರ ಅಕ್ಟೋಬರ್ 31ರಂದು ದೊರೆಯಿತು. ‘ಕನ್ನಡಕ್ಕೆ ಮೊದಲು, ತೆಲುಗಿಗೆ ಆಮೇಲೆ’ ಎಂದು ಬರೆದುಕೊಂಡಿದ್ದರೆ ದಯವಿಟ್ಟು ಹೊಡೆದುಹಾಕಿ.

ಹೆಚ್ಚು ಜನ ಎಡವುವುದು ಎರಡನೇ ಮಾತಿನಲ್ಲಿ. 8ನೇ ಅನುಸೂಚಿ ಎಂದರೆ ಸಂವಿಧಾನದಲ್ಲೇ ಇರುವ ಭಾಷೆಗಳ ಪಟ್ಟಿ; ಅದರಲ್ಲಿರುವುದು 22 ಭಾಷೆಗಳು. ಅವುಗಳಲ್ಲಿ ಪಾಳಿಯೂ ಇಲ್ಲ, ಪ್ರಾಕೃತವೂ ಇಲ್ಲ. ಶಾಸ್ತ್ರೀಯ ಸ್ಥಾನ ಕೇಂದ್ರ ಸರ್ಕಾರದ ತೀರ್ಮಾನವೇ ಹೊರತು ಸಂವಿಧಾನ ಕೊಟ್ಟದ್ದಲ್ಲ. ‘ಎಲ್ಲ ಶಾಸ್ತ್ರೀಯ ಭಾಷೆಗಳೂ 8ನೇ ಅನುಸೂಚಿಯಲ್ಲಿವೆ’ ಎಂಬ ಹೇಳಿಕೆ ಪ್ರಶ್ನೆಪತ್ರಿಕೆಯಲ್ಲಿ ಕಂಡರೆ ‘ತಪ್ಪು’ ಎಂದೇ ಗುರುತಿಸಿ.

ವರ್ಷಗಟ್ಟಲೆ ಕಷ್ಟಪಟ್ಟು ಓದಿದವರು ಹಳೆಯ ಪಿಡಿಎಫ್ ನಂಬಿ ಒಂದು ಅಂಕ ಕಳೆದುಕೊಂಡರೆ ನಿಜಕ್ಕೂ ಸಂಕಟವಾಗುತ್ತದೆ. ಆ ಕಡತ ನಿಮ್ಮ ಬಳಿ ಇದ್ದರೆ ಮುಂದಕ್ಕೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿನಲ್ಲಿ ಈ ತಿದ್ದುಪಡಿಯನ್ನೂ ಹಾಕಿ.